ಹಾರ್ಡ್‌ನರ್ ಬೆರೆಸುವ ಮುನ್ನ: ಮೂಗಿಗೆ ಗೊತ್ತಾಗದ ಅಪಾಯ

ಉಪ್ಪುಗಾಳಿಯಲ್ಲಿ ಕಬ್ಬಿಣ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಕಾರವಾರದಿಂದ ಭಟ್ಕಳದವರೆಗೆ ಮನೆ ಕಟ್ಟಿದ ಎಲ್ಲರಿಗೂ ಗೊತ್ತು. ಗೇಟಿಗೆ ಬಳಿದ ಎನಾಮಲ್ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಪ್ಪಳೆ ಎದ್ದು, ಅದರಡಿಯಿಂದ ತುಕ್ಕು ಇಣುಕುತ್ತದೆ. ಬೈತಖೋಲ, ತದಡಿ, ಹೊನ್ನಾವರದ ಬೋಟುಗಳದಂತೂ ವರ್ಷಾವರ್ಷ ಇದೇ ಕಥೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಉಪ್ಪಿನ ಕಾಟವಿಲ್ಲ, ಆದರೆ ತಿಂಗಳುಗಟ್ಟಲೆ ಹೊಡೆಯುವ ಮಳೆಗೆ ಸಾಗುವಾನಿ ಬಾಗಿಲು, ಹಲಸಿನ ಕಂಬಗಳೆಲ್ಲ ಬೂಷ್ಟು ಹಿಡಿಯುತ್ತವೆ. ಹೀಗಾಗಿ ಪೇಂಟ್ ಅಂಗಡಿಗೆ ಹೋದವರಿಗೆ ಈಗ ಸಿಗುವ ಸಲಹೆ: ಹಾರ್ಡ್‌ನರ್ ಹಾಕಿಸಿ, ಗಟ್ಟಿ ಬರ್ತದೆ.

ಬರುತ್ತದೆ, ಸುಳ್ಳಲ್ಲ. ಹೊಳಪು ಹೆಚ್ಚು, ಗೀರು ಕಡಿಮೆ, ಡೀಸೆಲ್ ಚೆಲ್ಲಿದರೂ ಬಣ್ಣ ಕರಗುವುದಿಲ್ಲ. ಆದರೆ ಬಳಿಯುವ ಮುನ್ನ ಬಣ್ಣಕ್ಕೆ ಬೆರೆಸುವ ಹಾರ್ಡ್‌ನರ್‌ನ ಆ ಸಣ್ಣ ಡಬ್ಬಿಯಲ್ಲಿ ಏನಿದೆ ಎಂದು ಮಾರುವವರು ಹೇಳುವುದು ಅಪರೂಪ, ಬಳಿಯುವವರಿಗೂ ಬಹಳಷ್ಟು ಸಲ ಯಾರೂ ಹೇಳಿಕೊಟ್ಟಿರುವುದಿಲ್ಲ. ಮುಖಕ್ಕೊಂದು ಟವೆಲ್ ಸುತ್ತಿಕೊಂಡು, ಸ್ಪ್ರೇ ಗನ್ ಹಿಡಿದು ಗೇಟಿಗೆ ಬಣ್ಣ ಹೊಡೆಯುವ ಹುಡುಗರನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಟವೆಲ್ಲಿನಿಂದ ಗಡ್ಡಕ್ಕೆ ಬಣ್ಣ ಹಾರುವುದು ತಪ್ಪಬಹುದು, ಶ್ವಾಸಕೋಶಕ್ಕೆ ಹೋಗುವುದು ತಪ್ಪುವುದಿಲ್ಲ.

ಮೊದಲು ಬಣ್ಣ ಒಣಗುವುದು ಹೇಗೆ ಅನ್ನುವುದನ್ನು ನೋಡೋಣ, ಯಾಕೆಂದರೆ ಮುಂದಿನ ಎಲ್ಲ ಎಚ್ಚರಿಕೆಗಳೂ ಅದರಿಂದಲೇ ಹುಟ್ಟುತ್ತವೆ. ಮಾಮೂಲಿ ಸಿಂಥೆಟಿಕ್ ಎನಾಮಲ್ ಬಳಿದಾಗ ಮೊದಲು ಅದರೊಳಗಿನ ಟರ್ಪೆಂಟೈನ್ ಹಾರಿಹೋಗುತ್ತದೆ. ಆಮೇಲೆ ಉಳಿದ ರಾಳ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದನ್ನು ಚುರುಕುಗೊಳಿಸಲು ಕೋಬಾಲ್ಟ್‌ನಂಥ ಲೋಹದ ಲವಣಗಳನ್ನು ಕಾರ್ಖಾನೆಯಲ್ಲೇ ಸೇರಿಸಿರುತ್ತಾರೆ. ಅದಕ್ಕೆ ಡ್ರೈಯರ್ ಎನ್ನುತ್ತಾರೆ. ಡ್ರೈಯರ್‌ಗೂ ಹಾರ್ಡ್‌ನರ್‌ಗೂ ಸಂಬಂಧವೇ ಇಲ್ಲ. ಹೆಪ್ಪು ಹಾಲನ್ನು ಮೊಸರು ಮಾಡಿದಂತೆ ಡ್ರೈಯರ್ ಒಂದು ಕೆಲಸಕ್ಕೆ ಚಾಲನೆ ಕೊಡುತ್ತದೆ, ಅಷ್ಟೆ. ಬಣ್ಣಕ್ಕೆ ಹಾಕುವ ಹಾರ್ಡ್‌ನರ್ ಹಾಗಲ್ಲ, ಅದು ಬಣ್ಣದ ಒಂದು ಭಾಗವೇ. ಡಬ್ಬಿಯ ರಾಳದ ಅಣುಗಳಿಗೂ ಹಾರ್ಡ್‌ನರ್‌ನ ಅಣುಗಳಿಗೂ ಕೊಂಡಿ ಬಿದ್ದು, ಎಲ್ಲವೂ ಸೇರಿ ಒಂದೇ ಬಲೆಯಾಗುತ್ತದೆ. ಹಾಗಾಗಿ ‘ಬೇಗ ಒಣಗಲಿ’ ಎಂದು ಇನ್ನೊಂದು ಮುಚ್ಚಳ ಹೆಚ್ಚು ಸುರಿದರೆ ಪ್ರಯೋಜನವಿಲ್ಲ. ಕೈಹಿಡಿಯಲು ಜೋಡಿ ಸಿಗದ ಹಾರ್ಡ್‌ನರ್ ಬಣ್ಣದೊಳಗೇ ಉಳಿಯುತ್ತದೆ. ಆ ಬಣ್ಣ ಒಂದೋ ಅಂಟಂಟಾಗಿರುತ್ತದೆ, ಇಲ್ಲವೇ ಹಪ್ಪಳದ ಹಾಗೆ ಪೆಡಸಾಗಿ ಬಿರುಕು ಬಿಡುತ್ತದೆ. ಕಡಿಮೆ ಹಾಕಿದರೆ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ.

ನಮ್ಮ ಕಡೆ ಹಾರ್ಡ್‌ನರ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ರಾಸಾಯನಿಕಗಳು ಓಡಾಡುತ್ತವೆ. ಗೇಟು, ಕಾರು, ಟ್ರ್ಯಾಕ್ಟರ್‌ಗಳ ಪಿಯು (ಪಾಲಿಯುರೆಥೇನ್) ಬಣ್ಣ, ಬಾಗಿಲಿನ ಪಿಯು ಪಾಲಿಶ್, ಕೆಲವು ಎನಾಮಲ್‌ಗಳಿಗೆ ಸೇರಿಸುವ ಹೊಳಪಿನ ಹಾರ್ಡ್‌ನರ್, ಇವುಗಳಲ್ಲಿ ಇರುವುದು ಐಸೊಸಯನೇಟ್. ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಜೊತೆ ಬರುವುದು ಅಮೈನ್. ಫೈಬರ್ ದೋಣಿಯ ತೇಪೆಗೆ ರೆಸಿನ್ ಜೊತೆ ಹಾಕುವ ನೀರಿನಂಥ ದ್ರವ ಎಂಇಕೆಪಿ ಎಂಬ ಪೆರಾಕ್ಸೈಡ್. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ, ಒಂದರ ಎಚ್ಚರಿಕೆ ಇನ್ನೊಂದಕ್ಕೆ ಸಾಲುವುದೂ ಇಲ್ಲ. ಡಬ್ಬಿ ಕೊಳ್ಳುವಾಗಲೇ ಲೇಬಲ್ ಓದಿ ಯಾವುದು ಎಂದು ತಿಳಿದುಕೊಳ್ಳಬೇಕು. ಕಂಪನಿಯ ಸುರಕ್ಷತಾ ಮಾಹಿತಿ ಪತ್ರ ಬಹುತೇಕ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ 16 ಭಾಗಗಳಲ್ಲಿ ಎರಡನೆಯದು ಅಪಾಯಗಳದ್ದು, ನಾಲ್ಕನೆಯದು ಪ್ರಥಮ ಚಿಕಿತ್ಸೆಯದ್ದು, ಎಂಟನೆಯದು ಮಾಸ್ಕು ಕೈಗವಸುಗಳದ್ದು. ಇವು ಮೂರನ್ನಾದರೂ ಓದಿಕೊಂಡರೆ ಸಾಕಷ್ಟಾಯಿತು.

ಐಸೊಸಯನೇಟ್ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಮೂರರಲ್ಲಿ ಅತಿ ಹೆಚ್ಚು ಬಳಕೆಯಾಗುವುದೂ ಅತಿ ಕಡಿಮೆ ಅನುಮಾನಕ್ಕೆ ಒಳಗಾಗುವುದೂ ಅದೇ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ್ದು ಮಿಥೈಲ್ ಐಸೊಸಯನೇಟ್. ಪೇಂಟ್ ಹಾರ್ಡ್‌ನರ್ ಅದಲ್ಲ. ಭೋಪಾಲದ ದ್ರವ 39 ಡಿಗ್ರಿಗೆಲ್ಲ ಕುದಿದು ಆವಿಯಾಗುವಂಥದ್ದು. ಪೇಂಟಿನಲ್ಲಿ ಬಳಸುವುದು ಹೆಚ್ಚಾಗಿ ಎಚ್‌ಡಿಐ ಎಂಬ ಐಸೊಸಯನೇಟ್‌ನ ಹಲವು ಅಣುಗಳನ್ನು ಒಟ್ಟು ಹೆಣೆದು ಭಾರ ಮಾಡಿದ ರೂಪ. ಅದು ತಾನಾಗಿ ಸುಲಭಕ್ಕೆ ಆವಿಯಾಗುವುದಿಲ್ಲ. ಇಷ್ಟರಮಟ್ಟಿಗೆ ಸಮಾಧಾನ. ಆದರೆ ಎರಡರಲ್ಲೂ ಇರುವ ಚುರುಕಾದ ಕೊಂಡಿ ಒಂದೇ. ಆ ಕೊಂಡಿ ರಾಳವನ್ನು ಹಿಡಿದುಕೊಳ್ಳುವಷ್ಟೇ ಆತುರದಿಂದ ನೀರನ್ನೂ, ಮೈಯ ಪ್ರೋಟೀನನ್ನೂ ಹಿಡಿದುಕೊಳ್ಳುತ್ತದೆ. ಬ್ರಷ್‌ನಲ್ಲಿ ಬಳಿದರೆ ಭಾರದ ಅಣುಗಳು ಬಹುಮಟ್ಟಿಗೆ ಬಣ್ಣದಲ್ಲೇ ಉಳಿಯುತ್ತವೆ. ಸ್ಪ್ರೇ ಗನ್ ಅದನ್ನೇ ಸೂಕ್ಷ್ಮ ಹನಿಗಳಾಗಿ ಒಡೆದು ಉಸಿರಿನ ದಾರಿಗೆ ಎಸೆಯುತ್ತದೆ. ಅಪಾಯದ ಅಳತೆ ಬದಲಾಗುವುದು ಇಲ್ಲಿ.

ಇದಕ್ಕೆ ಮೈಯೊಳಗೆ ಏನಾಗುತ್ತದೆ? ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಒಂದು ದಿನ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರು ಎಂದು ಗುರುತು ಹಾಕಿಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ಮೊದಲು ಏನೂ ಮಾಡದಿದ್ದ ತೀರಾ ಸಣ್ಣ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ, ಉಬ್ಬಸ ಏಳುತ್ತದೆ. ಹೀಗೆ ಒಮ್ಮೆ ಅಸ್ತಮಾ ಅಂಟಿಕೊಂಡರೆ ಬಹಳ ಜನರಿಗೆ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಬ್ರಿಟನ್ನಿನಂಥ ದೇಶಗಳಲ್ಲಿ ಕೆಲಸದಿಂದ ಬರುವ ಅಸ್ತಮಾಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು, ಅದರಲ್ಲೂ ಗಾಡಿಗೆ ಸ್ಪ್ರೇ ಮಾಡುವವರಲ್ಲಿ. ಯುರೋಪ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, ಶೇ. 0.1ಕ್ಕಿಂತ ಹೆಚ್ಚು ಬಿಡಿ ಡೈಐಸೊಸಯನೇಟ್ (ಎಚ್‌ಡಿಐನಂಥ, ಹೆಣೆಯದೆ ಉಳಿದ ಅಣು) ಇರುವ ಪದಾರ್ಥವನ್ನು ತರಬೇತಿ ಇಲ್ಲದೆ ಕೆಲಸಕ್ಕೆ ಬಳಸುವಂತೆಯೇ ಇಲ್ಲ. ನಮ್ಮಲ್ಲಿ ಅದೇ ಬಗೆಯ ಡಬ್ಬಿ ಕೌಂಟರ್ ಮೇಲೆ ಸಿಗುತ್ತದೆ.

ಇದರ ಲಕ್ಷಣಗಳು ಮೋಸ ಮಾಡುತ್ತವೆ. ಹಗಲೆಲ್ಲ ಸ್ಪ್ರೇ ಮಾಡಿದವನಿಗೆ ಕೆಮ್ಮು ಬರುವುದು ಅನೇಕ ಸಲ ರಾತ್ರಿ, ಮನೆಯಲ್ಲಿ ಮಲಗಿದ ಮೇಲೆ. ಹಾಗಾಗಿ ಅದು ಥಂಡಿ ಎಂದೋ, ಬೀಡಿಯ ಕೆಮ್ಮು ಎಂದೋ ಕಷಾಯ ಕುಡಿಯುವುದು ನಡೆಯುತ್ತದೆ. ಭಾನುವಾರ, ಹಬ್ಬದ ರಜೆಗಳಲ್ಲಿ ಹಗುರಾಗಿ, ಕೆಲಸ ಶುರುವಾದ ವಾರ ಮತ್ತೆ ಹೆಚ್ಚುತ್ತಿದ್ದರೆ ಅನುಮಾನ ಪಡಲೇಬೇಕು. ಡಾಕ್ಟರ ಹತ್ತಿರ ಹೋದಾಗ ‘ಕೆಮ್ಮು’ ಎಂದಷ್ಟೇ ಹೇಳದೆ, ಡಬ್ಬಿಯ ಲೇಬಲ್ಲಿನ ಫೋಟೊ ತೋರಿಸಿ ‘ಇದನ್ನು ಸ್ಪ್ರೇ ಮಾಡುತ್ತೇನೆ’ ಎಂದು ಹೇಳಬೇಕು. ಮೊದಲೇ ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಸರಿ.

ಇನ್ನು ವಾಸನೆಯ ವಿಷಯ. ಪೇಂಟ್ ಬಳಿಯುವಾಗ ಮೂಗಿಗೆ ಬಡಿಯುವ ಘಾಟು ಬಣ್ಣ ತೆಳು ಮಾಡಲು ಹಾಕುವ ಥಿನ್ನರ್‌ನದು. ಅದೂ ಒಳ್ಳೆಯದಲ್ಲ, ತಲೆ ಸುತ್ತಿಸುತ್ತದೆ, ಬೆಂಕಿ ಹಿಡಿಯುತ್ತದೆ. ಆದರೆ ಐಸೊಸಯನೇಟ್ ಮೂಗಿಗೆ ಗೊತ್ತಾಗುವ ಹೊತ್ತಿಗೆ ಅಪಾಯದ ಗೆರೆ ದಾಟಿ ಆಗಿರುತ್ತದೆ. ಎಚ್‌ಡಿಐಗೆ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 0.005 ಪಿಪಿಎಂ. ಅಂದರೆ ನೂರು ಕೋಟಿ ಪಾಲು ಗಾಳಿಯಲ್ಲಿ ಐದು ಪಾಲು. ಇಷ್ಟು ಸಣ್ಣದನ್ನು ಯಾವ ಮೂಗೂ ಹಿಡಿಯದು. ‘ಈಗ ವಾಸನೆ ಹೋಯ್ತು, ಮಾಸ್ಕ್ ತೆಗೀಬಹುದು’ ಎನ್ನುವುದು ಅದಕ್ಕೇ ತಪ್ಪು ಲೆಕ್ಕ. ಗನ್ ನಿಲ್ಲಿಸಿದ ಮೇಲೂ ಕಣ್ಣಿಗೆ ಕಾಣದ ಮಂಜು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಬಣ್ಣ ಹೇಗೆ ಕೂತಿದೆ ನೋಡೋಣ ಎಂದು ಆ ಕ್ಷಣವೇ ಮಾಸ್ಕ್ ಎತ್ತಿ ಬಗ್ಗಿ ನೋಡುವ ಅಭ್ಯಾಸ ಎಲ್ಲ ಪೇಂಟರಿಗೂ ಇದೆ. ಆ ನಾಲ್ಕು ಉಸಿರು ಸಾಕು, ಅಷ್ಟು ಹೊತ್ತು ಮಾಸ್ಕ್ ಹಾಕಿದ್ದು ನೀರಲ್ಲಿ ಹೋಮ ಮಾಡಿದಂತೆ.

ಮಾಸ್ಕ್ ಯಾವುದು ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಟವೆಲ್, ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಲೆಕ್ಕಕ್ಕಿಲ್ಲ. ಎನ್95 ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುತ್ತದೆ. ಬಯಲಲ್ಲಿ ಬ್ರಷ್ ಕೆಲಸಕ್ಕೆ ಅದು, ಧೂಳಿನ ಫಿಲ್ಟರ್ ಜೋಡಿಸಿಕೊಂಡು, ಒಳ್ಳೆಯದೇ. ಆದರೆ ಕಾರ್ಟ್ರಿಜ್ ತುಂಬಿ ಸೋರತೊಡಗಿದ್ದು ಸಾಮಾನ್ಯವಾಗಿ ತಿಳಿಯುವುದು ವಾಸನೆಯಿಂದ, ಐಸೊಸಯನೇಟ್‌ಗೆ ಆ ಸೂಚನೆ ಇಲ್ಲ. ನಮ್ಮ ಕರಾವಳಿಯ ತೇವಕ್ಕೆ ಇದ್ದಿಲು ಬೇಗ ಸೋಲುತ್ತದೆ ಬೇರೆ. ಹೀಗಾಗಿ ಸ್ಪ್ರೇ ಕೆಲಸಕ್ಕೆ ಸರಿಯಾದದ್ದು ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮುಖಗವಸು ಮಾತ್ರ. ಪೇಂಟ್ ಹೊಡೆಯುವ ಕಂಪ್ರೆಸರಿಗೇ ಪೈಪ್ ಸಿಕ್ಕಿಸಿ ಉಸಿರಾಡುವುದೂ ಅಪಾಯ, ಎಣ್ಣೆ ಹಾಕಿದ ಕಂಪ್ರೆಸರ್ ಬಿಸಿಯಾದಾಗ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಉಸಿರಾಟಕ್ಕೆಂದೇ ಇರುವ ಫಿಲ್ಟರ್ ವ್ಯವಸ್ಥೆ ಬೇಕು. ಮುಖಕ್ಕೆ ಅಂಟಿ ಕೂರುವ ಯಾವ ಮಾಸ್ಕೂ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟೆಲ್ಲ ವ್ಯವಸ್ಥೆ ಒಂದು ಮನೆಯ ಗೇಟಿಗಾಗಿ ಯಾರು ಮಾಡುತ್ತಾರೆ? ಮಾಡುವುದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ನೇರ: ಮನೆಯ ಅಂಗಳದಲ್ಲಿ ಹಾರ್ಡ್‌ನರ್ ಹಾಕಿದ ಪಿಯು ಬಣ್ಣವನ್ನು ಸ್ಪ್ರೇ ಮಾಡಿಸಬೇಡಿ. ಬ್ರಷ್ ಅಥವಾ ರೋಲರ್‌ನಲ್ಲಿ ಬಳಿಸಿ. ಹೊಳಪು ಒಂದಿಷ್ಟು ಕಡಿಮೆ ಕಾಣಬಹುದು, ಬಾಳಿಕೆ ಕಡಿಮೆಯಾಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಮನೆಗಳಿರುವ ಕೇರಿಯಲ್ಲಿ ಸ್ಪ್ರೇ ಮಂಜು ಪಕ್ಕದ ಮನೆಯ ಕಿಟಕಿಗೂ ಹೋಗುತ್ತದೆ, ಅಲ್ಲಿ ಮಗುವೋ ಉಬ್ಬಸದ ಅಜ್ಜಿಯೋ ಇರಬಹುದು. ಎನಾಮಲ್‌ಗೆ ಹೊಳಪಿನ ಹಾರ್ಡ್‌ನರ್ ಸೇರಿಸುವುದಂತೂ ಆ ಪೇಂಟ್ ತಯಾರಿಸಿದವರೇ ಹಾಕಬಹುದು ಎಂದು ಬರೆದಿದ್ದರೆ ಮಾತ್ರ. ಮನೆಯ ಕಿಟಕಿ ಸರಳಿಗೆ ಅದರ ಅಗತ್ಯವೇ ಇಲ್ಲ. ತುಕ್ಕನ್ನು ನಿಜವಾಗಿ ಕೆರೆದು ತೆಗೆದು, ಸಿಹಿನೀರಿನಲ್ಲಿ ಉಪ್ಪು ತೊಳೆದು, ಒಣಗಿಸಿ, ಒಳ್ಳೆಯ ಪ್ರೈಮರ್ ಕೊಟ್ಟರೆ ಮಾಮೂಲಿ ಎನಾಮಲ್ಲೇ ಚೆನ್ನಾಗಿ ಬಾಳುತ್ತದೆ. ಉಪ್ಪಿನ ಮೇಲೆ ಬಳಿದ ಯಾವ ದುಬಾರಿ ಬಣ್ಣವೂ ಉಳಿಯುವುದಿಲ್ಲ.

ಚರ್ಮದ ದಾರಿಯನ್ನೂ ಮರೆಯುವಂತಿಲ್ಲ. ಐಸೊಸಯನೇಟ್ ಚರ್ಮಕ್ಕೆ ತಾಗಿದರೂ ಮೈ ಅದಕ್ಕೆ ಸೂಕ್ಷ್ಮವಾಗಬಹುದು, ಆಮೇಲೆ ತೊಂದರೆ ಕಾಣಿಸುವುದು ಎದೆಯಲ್ಲಿ. ನೈಟ್ರೈಲ್ ಕೈಗವಸು, ತುಂಬು ತೋಳಿನ ಅಂಗಿ, ಕನ್ನಡಕ ಬ್ರಷ್ ಕೆಲಸಕ್ಕೂ ಬೇಕು. ಅತಿ ಕೆಟ್ಟ ರೂಢಿ ಎಂದರೆ ಕೆಲಸ ಮುಗಿದ ಮೇಲೆ ಥಿನ್ನರ್‌ನಲ್ಲಿ ಕೈ ತೊಳೆಯುವುದು. ಥಿನ್ನರ್ ಚರ್ಮದ ಜಿಡ್ಡನ್ನೆಲ್ಲ ಎತ್ತಿಬಿಟ್ಟು ಉಳಿದ ರಾಸಾಯನಿಕ ಒಳಗಿಳಿಯಲು ಬಾಗಿಲು ತೆರೆಯುತ್ತದೆ. ಮನೆಯಲ್ಲಿರುವ ಅಡುಗೆ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ನೀರಿನಲ್ಲಿ ತೊಳೆದರೆ ಬಣ್ಣ ಹೋಗುತ್ತದೆ.

ಈಗ ನೀರಿನ ಮಾತು. ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ. ಜುಲೈ ತಿಂಗಳಲ್ಲಿ ಅರ್ಧ ಬಳಸಿ ಮುಚ್ಚಿಟ್ಟ ಹಾರ್ಡ್‌ನರ್ ಡಬ್ಬಿಯನ್ನು ಎಂದಾದರೂ ಗಮನಿಸಿ: ತಳ ಹೊರಗೆ ಉಬ್ಬಿರುತ್ತದೆ, ಮುಚ್ಚಳದ ಸುತ್ತ ಬಿಳಿ ಹರಳಿನಂಥ ಪದರ ಕಟ್ಟಿರುತ್ತದೆ, ಅಲುಗಾಡಿಸಿದರೆ ಒಳಗಿನ ದ್ರವ ಮೊದಲಿನಷ್ಟು ತೆಳುವಾಗಿ ಕುಲುಕುವುದಿಲ್ಲ. ಒಳಗೆ ಸಿಕ್ಕಿಕೊಂಡ ಮಳೆಗಾಲದ ತೇವದ ಕೆಲಸ ಅದು. ಅಂಥ ಡಬ್ಬಿಯ ಮುಚ್ಚಳವನ್ನು ಮುಖದ ಹತ್ತಿರ ಹಿಡಿದು ತೆರೆಯಬಾರದು, ಒತ್ತಡಕ್ಕೆ ದ್ರವ ಚಿಮ್ಮುತ್ತದೆ. ಅದನ್ನು ಬಳಸುವುದೂ ಬೇಡ.

ಬಳಿದ ಬಣ್ಣದೊಳಗೂ ನಡೆಯುವುದು ಇದೇ. ತೇವದ ದಿನ ಬಳಿದ ಪಿಯು ಮೇಲೆ ಸೂಜಿಮೊನೆಯಂಥ ತೂತು, ಗುಳ್ಳೆ, ಬೆಳ್ಳಗಾದ ಮಬ್ಬು ಕಾಣುತ್ತದಲ್ಲ, ಅದು ರಾಳಕ್ಕೆ ಸೇರಬೇಕಿದ್ದ ಹಾರ್ಡ್‌ನರ್ ಗಾಳಿಯ ನೀರಿನ ಪಾಲಾದ ಗುರುತು. ಸಾಮಾನ್ಯ ನಿಯಮವೆಂದರೆ ಗಾಳಿಯ ಆರ್ದ್ರತೆ ಶೇ. 85ಕ್ಕಿಂತ ಕಡಿಮೆ ಇರಬೇಕು, ಲೋಹದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ಖಾಲಿ ನಿಲ್ಲುವುದು ಆಗಲೇ, ಆದರೆ ಆ ಎರಡು ತಿಂಗಳು ಕಾರವಾರದಲ್ಲಿ ಈ ನಿಯಮ ಪಾಲಿಸಬಹುದಾದ ದಿನಗಳು ಬೆರಳೆಣಿಕೆಯಷ್ಟು. ಆಗ ತಾಡಪಾಲಿನಡಿ ಕೆರೆದು ತೊಳೆಯುವ ಕೆಲಸ, ತೇವ ತಡೆದುಕೊಳ್ಳುವಂಥ ಪ್ರೈಮರ್ ಕೆಲಸ ಮುಗಿಸಿಕೊಂಡು, ಪಿಯು ಕೊನೆಯ ಕೋಟನ್ನು ಮಳೆ ಬಿಡುವು ಕೊಟ್ಟ ಒಣ ಹಗಲಿಗೆ ಇಟ್ಟುಕೊಳ್ಳುವುದು ಜಾಣತನ. ಶಿರಸಿಯವರಿಗೆ ಮಾರಿಕಾಂಬಾ ಜಾತ್ರೆ ಬೇಸಿಗೆಯ ಬಾಯಲ್ಲಿ ಬರುವುದರಿಂದ ಆ ಮುಂಚಿನ ಒಣ ತಿಂಗಳುಗಳೇ ಬಾಗಿಲು ಪಾಲಿಶ್‌ಗೆ ಹೇಳಿಮಾಡಿಸಿದ ಕಾಲ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿದರಾಯಿತು.

ಥಿನ್ನರ್ ತಪ್ಪಿದರೂ ಇದೇ ಗತಿ. ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಹಾರ್ಡ್‌ನರ್ ರಾಳವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ. ‘ಪಿಯು ಹಾಕ್ಸಿದ್ರೂ ಅಂಟು ಹೋಗ್ಲಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಈ ಥಿನ್ನರ್ ಇರುತ್ತದೆ. ಅಂಟು ಹೋಗಲಿಲ್ಲ ಎಂದು ಇನ್ನಷ್ಟು ಹಾರ್ಡ್‌ನರ್ ಸುರಿದು ಮತ್ತೊಂದು ಕೋಟ್ ಹೊಡೆದರೆ ಉಸಿರಾಡುವವನಿಗೆ ಎರಡು ಪಟ್ಟು ಅಪಾಯ. ಅಳತೆಯನ್ನೂ ಕಣ್ಣಂದಾಜಿಗೆ ಬಿಡಬಾರದು. ನಾಲ್ಕಕ್ಕೆ ಒಂದು, ಮೂರಕ್ಕೆ ಒಂದು, ಸಮಸಮ ಎಂದು ಒಂದೊಂದು ಪದಾರ್ಥಕ್ಕೆ ಒಂದೊಂದು ಅನುಪಾತ. ಅದು ಗಾತ್ರದ್ದೋ ತೂಕದ್ದೋ ಎಂಬುದನ್ನೂ ನೋಡಬೇಕು. ಕತ್ತರಿಸಿದ ಬಿಸ್ಲೇರಿ ಬಾಟಲಿಗೆ ಗೆರೆ ಹಾಕಿಕೊಂಡರೂ ಸಾಕು, ಆದರೆ ಗೆರೆ ಇರಲಿ. ಬೆರೆಸಿದ್ದನ್ನು ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಡಬ್ಬಿಯ ಮೇಲಿರುವ ಸಮಯ ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನದು. ಉಷ್ಣತೆ 10 ಡಿಗ್ರಿ ಏರಿದರೆ ಪ್ರತಿಕ್ರಿಯೆ ಸುಮಾರು ಎರಡು ಪಟ್ಟು ವೇಗ ಪಡೆಯುತ್ತದೆ, ಅಂಕೋಲೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅರ್ಧ ಸಮಯವೇ ಸಿಗುವುದು. ಸ್ವಲ್ಪ ಸ್ವಲ್ಪವೇ ಬೆರೆಸಿಕೊಳ್ಳಿ.

ಎಪಾಕ್ಸಿಯ ಅಮೈನ್ ಹಾರ್ಡ್‌ನರ್ ಬೇರೆ ಜಾತಿ. ಅದರ ದೊಡ್ಡ ಕಾಟ ಚರ್ಮಕ್ಕೆ: ಸುಟ್ಟಂತಾಗುತ್ತದೆ, ಕೆಲವರಿಗೆ ಬಿಡದ ತುರಿಕೆ ಹತ್ತಿಕೊಳ್ಳುತ್ತದೆ. ಕೈಗವಸು ಇಲ್ಲದೆ ಮುಟ್ಟಬಾರದು. ಎಪಾಕ್ಸಿಯನ್ನು ದೊಡ್ಡ ಡಬ್ಬಿಯಲ್ಲಿ ಒಟ್ಟಿಗೆ ಬೆರೆಸಿ ಬಿಟ್ಟರೆ ತನ್ನದೇ ಕಾವಿಗೆ ತಾನು ಬಿಸಿಯಾಗಿ ಹೊಗೆ ಎಬ್ಬಿಸುತ್ತದೆ. ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಅದನ್ನು ಪ್ರೈಮರ್ ಆಗಿಟ್ಟು, ಮೇಲೆ ಬೇರೆ ಬಣ್ಣ ಕೊಡುವುದೇ ರೂಢಿ.

ಫೈಬರ್ ದೋಣಿಗೆ ತೇಪೆ ಹಾಕುವವರಿಗೆ ಎರಡು ಮಾತನ್ನು ಒತ್ತಿ ಹೇಳಬೇಕು. ಒಂದು, ಎಂಇಕೆಪಿಯನ್ನು, ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ಆಕ್ಸಿಲರೇಟರ್ ಜೊತೆ ನೇರವಾಗಿ ಎಂದಿಗೂ ಸೇರಿಸಬಾರದು. ಎರಡೂ ನೇರ ಸೇರಿದರೆ ಬೆಂಕಿ ಏಳಬಹುದು, ಸ್ಫೋಟವೇ ಆಗಬಹುದು. ಮೊದಲು ಆಕ್ಸಿಲರೇಟರ್ ಅನ್ನು ರೆಸಿನ್‌ಗೆ ಪೂರ್ತಿ ಬೆರೆಸಿ, ಆಮೇಲೆ ಎಂಇಕೆಪಿ, ಸಾಮಾನ್ಯವಾಗಿ ರೆಸಿನ್ ತೂಕದ ಶೇ. 1ರಿಂದ 2. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸಬೇಡಿ, ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಡಬೇಡಿ. ಎರಡು, ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಕುತ್ತು. ಸಿಡಿದ ಕ್ಷಣದಿಂದಲೇ ತೊಳೆಯಲು ಶುರುಮಾಡಿ ಕನಿಷ್ಠ 15 ನಿಮಿಷ ಬಿಡದೆ ನೀರು ಹಾಯಿಸಬೇಕು, ಆಮೇಲೆ ನೇರ ಆಸ್ಪತ್ರೆಗೆ. ಕಡಲತಡಿಯಲ್ಲಿ ಕೆಲಸ ಮಾಡುವಾಗ ಸಿಹಿನೀರಿನ ಕ್ಯಾನ್ ಕೈಗೆ ಸಿಗುವಲ್ಲೇ ಇರಲಿ. ಕನ್ನಡಕ ಹಾಕಿಕೊಂಡಿದ್ದರೆ ಈ ಪ್ರಸಂಗವೇ ಬಾರದು.

ಬೋಟಿನ ಮೀನು ಸ್ಟೋರ್, ಎಂಜಿನ್ ರೂಮುಗಳ ಒಳಗೆ ಬಳಿಯುವಾಗ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಥಿನ್ನರ್ ಆವಿ ಗಾಳಿಗಿಂತ ಭಾರ, ತಳದಲ್ಲಿ ತುಂಬಿಕೊಂಡು ನಿಲ್ಲುತ್ತದೆ. ಒಳಗಿರುವವನು ತಲೆಸುತ್ತಿ ಬೀಳಬಹುದು, ಎತ್ತಲು ಇಳಿದವನೂ ಬೀಳಬಹುದು. ಸಡಿಲ ವೈರಿನ ಒಂದು ಬಲ್ಬು ಸಾಕು ಬೆಂಕಿಗೆ. ಬ್ಲೋವರ್ ಹಾಕಿ ಗಾಳಿಯಾಡಿಸಬೇಕು, ಮೇಲೆ ಒಬ್ಬರು ಕಾವಲಿರಬೇಕು, ಒಬ್ಬರೇ ಇಳಿಯಬಾರದು.

ಪೂರ್ತಿ ಗಟ್ಟಿಯಾದ ಪಿಯು ಬಣ್ಣ ಮುಟ್ಟಲು ನಿರಪಾಯ. ಆದರೆ ಅದೇ ಗೇಟು ಕೆಲವು ವರ್ಷಗಳ ಮೇಲೆ ವೆಲ್ಡಿಂಗ್‌ಗೆ ಬಂದಾಗ, ಕಾವಿಗೆ ಆ ಬಲೆ ಒಡೆದು ಐಸೊಸಯನೇಟ್ ಮತ್ತೆ ಹೊಗೆಯಾಗಿ ಹೊರಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಮನೆಯವರೇ ಹೇಳಬೇಕು. ಬೆಸೆಯುವ ಜಾಗದ ಸುತ್ತ ಮೊದಲು ಬಣ್ಣ ಕೆರೆದು ತೆಗೆಯಬೇಕು. ಕೆರೆಯುವಾಗ ಧೂಳಿನ ಮಾಸ್ಕ್ ಬೇಕು, ಇನ್ನೂ ಪೂರ್ತಿ ಆರದ ಬಣ್ಣವನ್ನು ಉಜ್ಜಲೇಬಾರದು.

ಉಳಿದದ್ದನ್ನು ಏನು ಮಾಡುವುದು? ಗಟಾರಕ್ಕೆ, ಕಾಳಿ ನದಿಗೆ, ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಸುರಿಯುವುದಂತೂ ಬೇಡವೇ ಬೇಡ. ಬೆರೆಸಿ ಮಿಕ್ಕ ಬಣ್ಣವನ್ನು ಬಯಲಲ್ಲಿ, ಸುಡುವ ವಸ್ತುಗಳಿಂದ ದೂರ, ತೆರೆದ ಡಬ್ಬಿಯಲ್ಲೇ ಗಟ್ಟಿಯಾಗಲು ಬಿಡಿ. ಚೆಲ್ಲಿದ ಐಸೊಸಯನೇಟ್ ಹಾರ್ಡ್‌ನರ್ ಮೇಲೆ ಮರಳು ಹಾಕಿ ಹೀರಿಸಿ, ಎತ್ತಿ, ಆ ಮರಳಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ಸುರಿಯಬೇಕು. ಹತ್ತು ಲೀಟರ್ ನೀರಿಗೆ ಅರ್ಧದಿಂದ ಒಂದು ಕಿಲೋ ಸೋಡಾ, ಜೊತೆಗೆ ಒಂದಿಷ್ಟು ಪಾತ್ರೆ ತೊಳೆಯುವ ದ್ರವ. ಖಾಲಿ ಡಬ್ಬಿಗೂ ಇದೇ ನೀರು ತುಂಬಿಸಿ ಒಂದೆರಡು ದಿನ ಬಿಡಿ, ಮುಚ್ಚಳ ಹಾಕದೆ. ಮುಚ್ಚಿದರೆ ಹುಟ್ಟುವ ಅನಿಲಕ್ಕೆ ಡಬ್ಬಿ ಒಡೆಯುತ್ತದೆ. ಎಂಇಕೆಪಿ ಚೆಲ್ಲಿದರೆ ಮರದ ಹೊಟ್ಟು, ಹತ್ತಿ ಬಟ್ಟೆ ಮುಟ್ಟಿಸಬಾರದು, ಅವು ತಾವಾಗಿ ಹೊತ್ತಿಕೊಳ್ಳಬಹುದು. ನಮ್ಮ ಕಡೆ ಒಳ್ಳೆಯ ತಗಡಿನ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ, ಸೀಮೆಎಣ್ಣೆಗೋ ಗಾಳದ ಸರಂಜಾಮಿಗೋ ಎತ್ತಿಡುತ್ತಾರೆ. ಹಾರ್ಡ್‌ನರ್ ಡಬ್ಬಿಯನ್ನು ಮಾತ್ರ ಹಾಗೆ ಇಟ್ಟುಕೊಳ್ಳಬೇಡಿ, ಗುಜರಿಗೆ ಕೊಡುವ ಮುಂಚೆ ತಳಕ್ಕೊಂದು ತೂತು ಹೊಡೆದುಬಿಡಿ.